ಕೂಡಿದಾಗ ಗೆದ್ದ ಗೌರಿ

ಮಕ್ಕಳೇ, ನಮ್ಮ ಸಾಗರದ ಕಡೆ ಮಳೆಯುಂಟು, ಹಿಮವಿಲ್ಲ. ಆದರೂ ಹಿಮದ ಮೇಲೆ ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಸಾಗುವ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಹೆಸರು ಮಾಡಿದ್ದಾರೆ.

ಯುರೋಪಿನಲ್ಲಿ 2006ರ ಕೊನೆಗೆ ಶುರುವಾದ ‘ಟೂರ್ ಡಿ ಸ್ಕೀ’ ಹಲವು ದಿನಗಳ, ಹಲವು ಹಂತಗಳ ಪಂದ್ಯ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗೆ ಅದರ ಲೆಕ್ಕ ಬಲು ಇಷ್ಟ. ಎಲ್ಲ ಹಂತಗಳ ಸಮಯ ಕೂಡಿಸುತ್ತಾರೆ. ಮುಂದೆ ಬಂದವರಿಗೆ ಬಹುಮಾನವಾಗಿ ಕೆಲವು ಸೆಕೆಂಡು ಕಳೆಯುತ್ತಾರೆ. ಒಟ್ಟು ಸಮಯ ಯಾರದು ಕಡಿಮೆಯೋ ಅವರೇ ವಿಜೇತರು.

ಮೊದಲ ದಿನ ಸಾಗರದಿಂದ ಹೊಸನಗರಕ್ಕೆ, ಮರುದಿನ ಅಲ್ಲಿಂದ ತೀರ್ಥಹಳ್ಳಿಗೆ ಸೈಕಲ್ ಪಂದ್ಯ ಎಂದುಕೊಳ್ಳಿ. ಬಹುಮಾನದ ಸೆಕೆಂಡು ಸದ್ಯಕ್ಕೆ ಬೇಡ.

ರಾಮು: 100 + 120 = 220 ನಿಮಿಷ
ಸೋಮು: 118 + 103 = 221 ನಿಮಿಷ
ಗೌರಿ: 104 + 106 = 210 ನಿಮಿಷ

ಗೌರಿ ಎರಡೂ ದಿನ ಎರಡನೆಯವಳು. ಆದರೂ ಪಂದ್ಯ ಗೆದ್ದವಳು ಅವಳೇ!

ನನ್ನ ಮೊಮ್ಮಗಳು ಯಾವ ಓಟದಲ್ಲೂ ಮೊದಲು ಬಂದವಳಲ್ಲ. ಈ ಸಲ ಶಾಲೆಯ ಕ್ರೀಡಾಕೂಟವೇ ಬೇಡ ಎಂದು ಮುಖ ಊದಿಸಿ ಕೂತಿದ್ದಳು. ಈ ಲೆಕ್ಕ ಬರೆದುಕೊಟ್ಟೆ. ಬೆರಳು ಮಡಚಿ ಎರಡು ಸಲ ಕೂಡಿಸಿದಳು.

“ಅಜ್ಜ, ನಾಳೆ ಹೆಸರು ಕೊಡ್ತೀನಿ” ಎಂದಳು.