ಫೋಟೋದಲ್ಲಿ ಜಿಗಣೆ ಕಾಣುವುದಿಲ್ಲ

ಹೊಸದಾಗಿ ಕ್ಯಾಮೆರಾ ಕೊಂಡವನಿಗೆ ಮೊದಲು ಸಿಗುವುದು ಹುಲಿಯಲ್ಲ, ಹೊಗಳಿಕೆ. ಕಾಂಪೌಂಡಿನ ಮೇಲೆ ಕೂತ ಪಿಕಳಾರದ ಚಿತ್ರವನ್ನು ಬಂಧುಬಳಗದ ವಾಟ್ಸಾಪ್ ಗುಂಪಿಗೆ ಹಾಕಿ ಕಾಫಿ ಕುಡಿದು ಬರುವಷ್ಟರಲ್ಲಿ ‘ಸೂಪರ್’, ‘ಅದ್ಭುತ’, ‘ನ್ಯಾಷನಲ್ ಜಿಯಾಗ್ರಫಿಕ್‌ಗೆ ಕಳಿಸೋ’ ಎಂದು ಸಾಲಾಗಿ ಬಂದು ಬಿದ್ದಿರುತ್ತವೆ. ಹೊಗಳಿದವರದೇನೂ ತಪ್ಪಿಲ್ಲ. ಸೋದರಮಾವ ಎತ್ತಿದ ಆ ಹೆಬ್ಬೆರಳು ಬೆಳಗಿನ ಸುಭಾಷಿತಕ್ಕೂ, ಯಾರದೋ ಮಗುವಿನ ನಾಮಕರಣಕ್ಕೂ, ಒಮ್ಮೊಮ್ಮೆ ಕಣ್ತಪ್ಪಿನಿಂದ ಶ್ರದ್ಧಾಂಜಲಿಗೂ ಎದ್ದದ್ದೇ. ಪಿಕಳಾರದ ಬಾಲ ತುಂಡಾಗಿದೆ, ಅದರ ನೆತ್ತಿಯಿಂದ ಕರೆಂಟು ಕಂಬ ಎದ್ದು ನಿಂತಿದೆ ಎಂದು ಹೇಳುವುದು ನಮ್ಮಲ್ಲಿ ಮರ್ಯಾದಸ್ಥರ ಲಕ್ಷಣವಲ್ಲ.

ಮರ್ಯಾದೆಯನ್ನು ಬಾಗಿಲಾಚೆ ಬಿಟ್ಟು ಬರಬೇಕಾದ ಒಂದು ಜಾಗ ಮೈಸೂರಿನಲ್ಲಿ ನಮಗಿದೆ. ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತೇವೆ. ಬ್ಯಾಂಕಿನಿಂದ ನಿವೃತ್ತರಾದವರು, ಹಾರ್ಡ್‌ವೇರ್ ಅಂಗಡಿಯವರು, ಒಬ್ಬ ಹಲ್ಲಿನ ಡಾಕ್ಟರಮ್ಮ, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದ ಒಬ್ಬ ಮೇಷ್ಟ್ರು. ಗೋಡೆಯ ಮೇಲೆ ಪ್ರೊಜೆಕ್ಟರ್ ಬೆಳಕು, ಎದುರಿಗೆ ಖಾರದ ಅವಲಕ್ಕಿ. ನಿಯಮ ಒಂದೇ: ತನ್ನ ಚಿತ್ರ ಗೋಡೆಯ ಮೇಲಿರುವಾಗ ತೆಗೆದವರು ಬಾಯಿ ಬಿಡುವ ಹಾಗಿಲ್ಲ. ಉಳಿದವರೆಲ್ಲ ಹೇಳಿ ಮುಗಿಸಿದ ಮೇಲೆ ಅವರ ಸರದಿ. ಈ ನಿಯಮ ಬರುವುದಕ್ಕೆ ಕಾರಣ ಹಾರ್ಡ್‌ವೇರ್ ಅಂಗಡಿಯವರ ಒಂದು ಹಾವು. ಮಳೆಗಾಲದಲ್ಲಿ ಆಗುಂಬೆಗೆ ಹೋಗಿ ಮಲಬಾರ್ ಗುಳಿಮಂಡಲವೊಂದನ್ನು ಹಿಡಿದು ತಂದಿದ್ದರು, ಕ್ಯಾಮೆರಾದಲ್ಲಿ. ನಿಂತಲ್ಲಿಂದಲೇ ಬಗ್ಗಿ ತೆಗೆದದ್ದರಿಂದ ಹಾವು ನೆಲಕ್ಕೆ ಅಂಟಿಸಿದ ಹಾಗಿತ್ತು. ಒದ್ದೆ ಮೈಮೇಲೆ ಫ್ಲ್ಯಾಷ್ ಬಿದ್ದು ಅಲ್ಲಲ್ಲಿ ಬಿಳಿ ಚುಕ್ಕೆಗಳು. ಯಾರಾದರೂ ತುಟಿ ಬಿಚ್ಚುವ ಮೊದಲೇ ಅವರು ಅಂಗಡಿಗೆ ಬೀಗ ಹಾಕಿ ಹೊರಟದ್ದು, ಘಾಟಿಯಲ್ಲಿ ಬಸ್ಸು ಕೆಟ್ಟು ನಿಂತದ್ದು, ಸಾಕ್ಸಿನೊಳಗೆ ಜಿಗಣೆ ತುಂಬಿಕೊಂಡದ್ದು, ಮಂಡಿ ನೋವು, ಮನೆಯವರ ಸಿಟ್ಟು ಎಲ್ಲವನ್ನೂ ಹೇಳಿದರು. ಮೇಷ್ಟ್ರು ಪೂರ್ತಿ ಕೇಳಿಸಿಕೊಂಡು, “ಎಲ್ಲ ಸರಿ ಸ್ವಾಮಿ, ಫೋಟೋದಲ್ಲಿ ಜಿಗಣೆ ಕಾಣ್ತಾ ಇಲ್ವಲ್ಲ” ಅಂದರು.

ಹವ್ಯಾಸಿಯ ಕಷ್ಟವೆಲ್ಲ ಇಲ್ಲೇ ಇದೆ. ತನ್ನ ಚಿತ್ರವನ್ನು ಅವನು ಎಂದೂ ಚಿತ್ರವಾಗಿ ನೋಡಿರುವುದಿಲ್ಲ. ಅದನ್ನು ಕಂಡೊಡನೆ ಆ ಬೆಳಗಿನ ಚಳಿ, ಗೈಡ್ ಪಿಸುಗುಟ್ಟಿದ್ದು, ಎದೆ ಹೊಡೆದುಕೊಂಡದ್ದು ಎಲ್ಲ ಒಟ್ಟಿಗೆ ಮರಳಿ ಬರುತ್ತವೆ. ನೋಡುವವನಿಗೆ ಸಿಕ್ಕುವುದು ನಾಲ್ಕು ಅಂಚಿನೊಳಗಿನ ಬಣ್ಣ ಮಾತ್ರ. ಪತ್ರಿಕೆಗೆ ತೆಗೆಯುವ ವೃತ್ತಿಪರನಿಗಾದರೆ ಇದನ್ನು ಮುಖಕ್ಕೆ ಹೇಳಲು ಒಬ್ಬ ಸಂಪಾದಕ ಇರುತ್ತಾನೆ. ಹವ್ಯಾಸಿಗೆ ಇರುವುದು ಹೆಂಡತಿ ಅಥವಾ ಗಂಡ. ಅವರ ಕಣ್ಣು ಚಿತ್ರದ ಮೇಲಿಲ್ಲ, ಲೆನ್ಸಿನ ಕಂತಿನ ಮೇಲಿದೆ.

ಹಿಂದೆ ಈ ವಿಮರ್ಶೆಯ ಅರ್ಧ ಕೆಲಸವನ್ನು ಫಿಲ್ಮೇ ಮಾಡುತ್ತಿತ್ತು. ರೋಲಿನಲ್ಲಿ 36 ಚಿತ್ರ. ಒತ್ತುವ ಮೊದಲು ಬೆರಳು ತಾನೇ ಯೋಚಿಸುತ್ತಿತ್ತು. ಉಳಿದರ್ಧಕ್ಕೆ ಗುರುಗಳಿದ್ದರು. ಬೆಂಗಳೂರಿನಲ್ಲಿ ಒ.ಸಿ. ಎಡ್ವರ್ಡ್ಸ್ ಅವರ ಕೈಕೆಳಗೆ ಪಳಗಿದ ಟಿ.ಎನ್.ಎ. ಪೆರುಮಾಳ್ 2017ರಲ್ಲಿ ತೀರಿಕೊಳ್ಳುವ ಹೊತ್ತಿಗೆ ತಾವೇ ಎಷ್ಟೋ ಜನಕ್ಕೆ ಗುರುವಾಗಿದ್ದರು. 1971ರಲ್ಲಿ ಹುಟ್ಟಿದ ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಸಂಘಗಳಲ್ಲಿ ಹಿರಿಯರ ಮುಂದೆ ಪ್ರಿಂಟು ಹಿಡಿದು ಕೂತು ಕಲಿತವರಿದ್ದಾರೆ. ಈಗಿನ ಕ್ಯಾಮೆರಾ ಒಂದು ಸೆಕೆಂಡಿಗೆ ಇಪ್ಪತ್ತು ಚಿತ್ರ ಉದುರಿಸುತ್ತದೆ. ಕಬಿನಿಗೆ ಒಂದು ಸುತ್ತು ಹೋಗಿ ಬಂದವನ ಕಾರ್ಡಿನಲ್ಲಿ ಒಂದೇ ಆನೆಯ ಒಂದೇ ಕಿವಿ ನೂರಾರು ಸಲ ಬೀಸಿರುತ್ತದೆ. ಅದರಲ್ಲಿ ಯಾವುದನ್ನು ಇಟ್ಟುಕೊಳ್ಳುವುದು? ಹೆತ್ತವರಿಗೆ ಹೆಗ್ಗಣ ಮುದ್ದು. ಆದ್ದರಿಂದ ವಿಮರ್ಶಕನ ಮೊದಲ ಉಪಯೋಗ ಚಿತ್ರ ತಿದ್ದುವುದಕ್ಕಲ್ಲ, ಅಳಿಸುವುದಕ್ಕೆ.

ಸ್ಪರ್ಧೆಗಳಿಗೆ ಕಳಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ನಮ್ಮವರು ಸಲೋನ್ ಎನ್ನುವ ಈ ಸ್ಪರ್ಧೆಗಳಲ್ಲಿ ಮೂವರು ತೀರ್ಪುಗಾರರು ಕೂತು ಚಿತ್ರಕ್ಕೆ ಕೆಲವೇ ಸೆಕೆಂಡು ನೋಡಿ ಅಂಕ ಒತ್ತುತ್ತಾರೆ. ಅದು ತೀರ್ಪು; ಏಕೆ ಬಿತ್ತು ಎಂದು ಯಾರೂ ಹೇಳುವುದಿಲ್ಲ. ಆದರೆ ಸಲೋನ್‌ಗಳಿಂದ ಒಂದು ದೊಡ್ಡ ಉಪಕಾರವಾಗಿದೆ. ಅಂತರರಾಷ್ಟ್ರೀಯ ಛಾಯಾಗ್ರಹಣ ಒಕ್ಕೂಟವಾದ ಫಿಯಾಪ್, ಫೋಟೋಗ್ರಾಫಿಕ್ ಸೊಸೈಟಿ ಆಫ್ ಅಮೆರಿಕ, ಬ್ರಿಟನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ ಮೂರೂ 2014ರಲ್ಲಿ ನಿಸರ್ಗ ಚಿತ್ರಕ್ಕೆ ಒಂದೇ ವ್ಯಾಖ್ಯೆಯನ್ನು ಒಪ್ಪಿಕೊಂಡವು. ಅಂಚು ಕತ್ತರಿಸಬಹುದು, ಧೂಳಿನ ಚುಕ್ಕೆ ಒರೆಸಬಹುದು. ಚಿತ್ರದೊಳಗೆ ಇದ್ದದ್ದನ್ನು ತೆಗೆಯುವ ಹಾಗಿಲ್ಲ, ಇಲ್ಲದ್ದನ್ನು ಸೇರಿಸುವ ಹಾಗಿಲ್ಲ. ಹಕ್ಕಿಯ ಎದೆಗೆ ಅಡ್ಡ ಬಂದ ಕಡ್ಡಿಯನ್ನು ಕಂಪ್ಯೂಟರಿನಲ್ಲಿ ಅಳಿಸಿದರೆ ಚಿತ್ರ ಹೊರಗೆ. ಹಾಗಾಗಿ ‘ಹಿನ್ನೆಲೆ ಗಲೀಜಾಗಿದೆ’ ಎಂಬ ಮಾತಿಗೆ ಮನೆಯಲ್ಲಿ ಕೂತು ಮಾಡುವ ಪರಿಹಾರವೇ ಇಲ್ಲ. ಮುಂದಿನ ಸಲ ಎರಡು ಹೆಜ್ಜೆ ಎಡಕ್ಕೆ ಸರಿಯಬೇಕು, ಇಲ್ಲವೇ ಹೊಟ್ಟೆಯ ಮೇಲೆ ಮಲಗಬೇಕು. ಮಲಗಿದರೆ ಕ್ಯಾಮೆರಾ ಪ್ರಾಣಿಯ ಕಣ್ಣಿನ ಮಟ್ಟಕ್ಕೆ ಇಳಿಯುತ್ತದೆ. ಬೆನ್ನ ಹಿಂದಿನ ಕಸಕಡ್ಡಿಯೆಲ್ಲ ದೂರ ಸರಿದು ಮಸುಕಾಗುತ್ತದೆ. ಹಾರ್ಡ್‌ವೇರ್ ಅಂಗಡಿಯವರು ಮುಂದಿನ ಮಳೆಗಾಲದಲ್ಲಿ ಆ ಜಿಗಣೆಗಳ ನಡುವೆಯೇ ಮಲಗಿದರು. ಏನೇನಾಯಿತು ಎಂದು ಈ ಸಲ ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಹಾವಿನ ಕಣ್ಣು ಮಾತ್ರ ನಮ್ಮ ಕಣ್ಣಿಗೆ ನೇರವಾಗಿತ್ತು.

ಇದೆಲ್ಲ ಕೈಚಳಕದ ಮಾತು, ಹೇಳಿದರೆ ಬರುತ್ತದೆ. ಪ್ರಾಣಿಯನ್ನು ಬಲ್ಲವರು ಹೇಳುವ ಮಾತು ಬೇರೆಯೇ. ರಂಗನತಿಟ್ಟಿನಲ್ಲಿ ಒಂದು ಮಧ್ಯಾಹ್ನ ನಮ್ಮ ಬ್ಯಾಂಕಿನವರು ಬಣ್ಣದ ಕೊಕ್ಕರೆ ತೆಗೆದರು. ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ ಕಾವೇರಿಯ ಆ ನಡುಗಡ್ಡೆಗಳಲ್ಲಿ ಬೇಸಿಗೆಯ ಬಿಸಿಲು ಎಂಥದೆಂದು ದೋಣಿಯಲ್ಲಿ ಕೂತವರಿಗೇ ಗೊತ್ತು. ಕೊಕ್ಕರೆ ಗೂಡಿನ ಅಂಚಿನಲ್ಲಿ ನಿಂತು ಎರಡೂ ರೆಕ್ಕೆಯನ್ನು ಅಗಲಿಸಿ ಅಲ್ಲಾಡದೆ ಹಿಡಿದಿತ್ತು. ಬಾಲದ ಹತ್ತಿರದ ಗುಲಾಬಿ ಗರಿಗಳು ಎಣಿಸುವ ಹಾಗೆ ಕಾಣುತ್ತಿದ್ದವು. ಕೆಳಗೆ ಬೂದು ಬಣ್ಣದ, ಚೆಂದವಿಲ್ಲದ ಮರಿಗಳು ಅರೆಬರೆಯಾಗಿ ಸಿಕ್ಕಿದ್ದವೆಂದು ಇವರು ಕ್ಯಾಮೆರಾದಲ್ಲೇ ಚಿತ್ರದ ಕೆಳಭಾಗ ಕತ್ತರಿಸಿ, ಹುಟ್ಟು ಹಾಕುತ್ತಿದ್ದ ದೋಣಿಯವನಿಗೆ ಹೆಮ್ಮೆಯಿಂದ ತೋರಿಸಿದರು. ಅವನು ನೋಡಿ, “ಬಿಸ್ಲಿಗೆ ಮರಿಗೆ ನೆಳ್ ಹಿಡ್ಕೊಂಡು ನಿಂತದೆ ಸಾ. ನೀವು ಕೊಡೆ ಮಡಿಕಂಡು ಕೊಡೆ ಕೆಳಗಿರೋರ್ನ ಕತ್ತರಿಸಾಕಿದ್ದೀರಿ” ಅಂದ. ಫೋಕಸ್ಸು, ಬೆಳಕು, ಕೋನ ಯಾವುದರ ಸುದ್ದಿಗೂ ಹೋಗದ ಆ ವಾಕ್ಯಕ್ಕಿಂತ ದೊಡ್ಡ ಫೋಟೋ ಪಾಠವನ್ನು ನಾನು ಕೇಳಿಲ್ಲ. ರೆಕ್ಕೆ ಭಂಗಿಯಾಗಿರಲಿಲ್ಲ, ಕೆಲಸವಾಗಿತ್ತು. ಅದು ತಿಳಿದ ಮೇಲೆ ಕ್ರಾಪ್ ಎಲ್ಲಿ ನಿಲ್ಲಬೇಕೆಂದು ಪುಸ್ತಕ ನೋಡಬೇಕಾಗಿಲ್ಲ.

ಅದಕ್ಕಿಂತ ಕಹಿಯಾದದ್ದೂ ಒಂದಿದೆ. ಡಾಕ್ಟರಮ್ಮ ಒಂದು ಸಂಜೆ ಕೆಂಪು ಟಿಟ್ಟಿಭದ ಚಿತ್ರ ತಂದಿದ್ದರು. ದೋಷ ಹುಡುಕಿದರೂ ಸಿಗದು: ಕಣ್ಣಿನಲ್ಲಿ ಬೆಳಕಿನ ಚುಕ್ಕೆ, ನೆಲದ ಮಟ್ಟದ ನೋಟ, ಹಿಂದೆ ನುಣುಪಾದ ಹಸಿರು. ಹಕ್ಕಿ ಕೊಕ್ಕು ತೆರೆದು, ರೆಕ್ಕೆ ಅರ್ಧ ಇಳಿಬಿಟ್ಟು ನೇರ ಕ್ಯಾಮೆರಾದತ್ತ ನುಗ್ಗುತ್ತಿದೆ. ಎಲ್ಲರೂ ಚಪ್ಪಾಳೆ ತಟ್ಟಿದೆವು. ಮೇಷ್ಟ್ರು ಮಾತ್ರ ಕನ್ನಡಕ ತೆಗೆದು ಒರೆಸಿಕೊಂಡರು.

“ಕೂಗ್ತಾ ಇತ್ತಾಮ್ಮ?”

“ಒಂದೇ ಸಮ, ಸರ್.”

“ಎಷ್ಟು ಹೊತ್ತಿದ್ರಿ?”

“ಒಂದು ಗಂಟೆ ಇದ್ದಿರಬಹುದು. ಓಡೇ ಹೋಗಲಿಲ್ಲ ಅದು.”

“ಹೇಗೆ ಓಡಿ ಹೋಗುತ್ತೆ? ಮೊಟ್ಟೆ ಅಲ್ಲೇ ಎಲ್ಲೋ ಇತ್ತು.”

ಟಿಟ್ಟಿಭ ಗೂಡು ಕಟ್ಟುವುದಿಲ್ಲ. ಬಯಲಿನ ಕಲ್ಲುಗಳ ನಡುವೆ ಕಲ್ಲಿನಂತೆಯೇ ಕಾಣುವ ಮೊಟ್ಟೆ ಇಡುತ್ತದೆ. ಬಿಸಿಲೇರಿದರೆ ನೀರಿಗೆ ಹೋಗಿ ಹೊಟ್ಟೆಯ ಗರಿಗಳನ್ನು ನೆನೆಸಿಕೊಂಡು ಬಂದು ಮೊಟ್ಟೆಯನ್ನು ತಂಪು ಮಾಡುತ್ತದೆ. ನಾವು ನೋಡುತ್ತಿದ್ದದ್ದು ಆ ಕೆಲಸಕ್ಕೆ ಹೋಗಲಾರದೆ ಒಂದು ಗಂಟೆ ಬೊಬ್ಬೆ ಹೊಡೆದ ತಾಯಿಯನ್ನೋ ತಂದೆಯನ್ನೋ. “ಚಿತ್ರದಲ್ಲಿ ಎಲ್ಲ ಸರಿ ಇದೆಯಮ್ಮ. ನೀವು ಕೂತಿದ್ದ ಜಾಗ ಸರಿ ಇಲ್ಲ” ಎಂದರು ಮೇಷ್ಟ್ರು. ಡಾಕ್ಟರಮ್ಮ ಮುಂದಿನ ತಿಂಗಳು ಬರಲಿಲ್ಲ. ಮೇಷ್ಟ್ರು ಸ್ವಲ್ಪ ಮೆತ್ತಗೆ ಹೇಳಬಹುದಿತ್ತು ಎಂದು ಅವಲಕ್ಕಿ ತಿನ್ನುತ್ತ ಉಳಿದವರೆಲ್ಲ ಮಾತಾಡಿಕೊಂಡರು. ನನಗೆ ಹಾಗನ್ನಿಸಲಿಲ್ಲ. ಹಿನ್ನೆಲೆಯ ಕಡ್ಡಿಯ ವಿಷಯದಲ್ಲಿ ಮೆತ್ತಗಿರಬಹುದು; ಅದರಿಂದ ಯಾರಿಗೂ ನಷ್ಟವಿಲ್ಲ. ಆಮೇಲಿನ ತಿಂಗಳು ಆಕೆ ಬಂದಾಗ ಗೋಡೆಯ ಮೇಲೆ ಮತ್ತೆ ಟಿಟ್ಟಿಭವೇ ಇತ್ತು. ಕೆರೆಯಂಚಿನಲ್ಲಿ ಒಂಟಿ ಕಾಲಿನಲ್ಲಿ ನಿಂತು, ಕಣ್ಣು ಅರ್ಧ ಮುಚ್ಚಿಕೊಂಡಿತ್ತು. ಕಾರಿನಿಂದ ಇಳಿಯದೆ ತೆಗೆದದ್ದು. ಹಕ್ಕಿ ತೀರಾ ಚಿಕ್ಕದಾಯಿತು ಎಂದು ಯಾರೋ ಗೊಣಗಿದರು.

ದೊಡ್ಡ ವೇದಿಕೆಗಳಲ್ಲೂ ಕೊನೆಗೆ ಕೆಲಸಕ್ಕೆ ಬಂದದ್ದು ಇಂಥ ಕಣ್ಣೇ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದಿ ಇಯರ್ ಸ್ಪರ್ಧೆಯಲ್ಲಿ 2009ರ ಮೊದಲ ಬಹುಮಾನ ರಾತ್ರಿ ಗೇಟು ಹಾರುವ ತೋಳದ ಚಿತ್ರಕ್ಕೆ ಹೋಯಿತು. ಅದು ಕಾಡಿನದಲ್ಲ, ಸ್ಪೇನಿನ ಮೃಗಾಲಯವೊಂದರ ಪಳಗಿದ ತೋಳವಿರಬೇಕು ಎಂದು ಗುರುತಿಸಿದ ಮೇಲೆ ಮುಂದಿನ ಜನವರಿಯಲ್ಲಿ ಬಹುಮಾನ ವಾಪಸಾಯಿತು. 2017ರಲ್ಲಿ ಗೆದ್ದಿದ್ದ ಇನ್ನೊಂದು ಚಿತ್ರಕ್ಕೂ 2018ರಲ್ಲಿ ಇದೇ ಗತಿ: ಅದರಲ್ಲಿದ್ದ ಇರುವೆಭಕ್ಷಕ ಸಂಗ್ರಹದಲ್ಲಿಟ್ಟಿದ್ದ ಚರ್ಮ ತುಂಬಿದ ಬೊಂಬೆಯನ್ನೇ ಹೋಲುತ್ತಿತ್ತು. ತೆಗೆದವರಿಬ್ಬರೂ ಆರೋಪ ಒಪ್ಪಲಿಲ್ಲ. ಎರಡರಲ್ಲೂ ಸಂಶಯಕ್ಕೆ ಎಡೆಯಾದದ್ದು ಪಿಕ್ಸೆಲ್ಲುಗಳಲ್ಲ. ಪ್ರಾಣಿಯ ಮೈಮೇಲಿನ ಗುರುತು, ಅದು ನಿಂತ ರೀತಿ.

ಪ್ರಾಮಾಣಿಕ ವಿಮರ್ಶೆಯೆಂದು ಬರುವುದೆಲ್ಲ ಹೊಟ್ಟೆಗೆ ಹಾಕಿಕೊಳ್ಳುವಂಥದ್ದಲ್ಲ ಬಿಡಿ. ಲೆನ್ಸಿನ ಉದ್ದ ಕೇಳಿ ಚಿತ್ರದ ಯೋಗ್ಯತೆ ಅಳೆಯುವವರಿದ್ದಾರೆ. ಮೂರನೇ ಒಂದು ಭಾಗದ ನಿಯಮವನ್ನು ಮಗ್ಗಿಯಂತೆ ಒಪ್ಪಿಸುವವರಿದ್ದಾರೆ. ನಿಸರ್ಗ ಚಿತ್ರದಲ್ಲಿ ಮನುಷ್ಯನ ವಾಸನೆ ಬರಬಾರದೆಂಬುದು ಸಲೋನ್‌ಗಳ ಕಟ್ಟಳೆ. 2021ರಲ್ಲಿ ಅದೇ ಲಂಡನ್ ಸ್ಪರ್ಧೆಯ ಕಿರಿಯರ ಪಟ್ಟ ಗೆದ್ದ ಬೆಂಗಳೂರಿನ ಹತ್ತು ವರ್ಷದ ವಿದ್ಯುನ್ ಹೆಬ್ಬಾರ್, ಗೋಡೆಯ ಸಂದಿಯ ಜೇಡರ ಬಲೆಯ ಹಿಂದೆ ಹಾದುಹೋದ ಆಟೋರಿಕ್ಷಾದ ಬಣ್ಣವನ್ನೇ ಹಿನ್ನೆಲೆ ಮಾಡಿಕೊಂಡಿದ್ದ. ನಮ್ಮ ಗುಂಪಿಗೆ ತಂದಿದ್ದರೆ ಆಟೋ ಏಕೆ ಎಂದು ನಾವೇ ಕೇಳಿರುತ್ತಿದ್ದೆವೋ ಏನೋ. ಯಾರ ಮಾತನ್ನು ತೆಗೆದುಕೊಳ್ಳಬೇಕು ಎನ್ನುವುದಕ್ಕೆ ನನ್ನದೊಂದು ಒರಟು ಲೆಕ್ಕವಿದೆ: ಹೇಳುವವನು ಚಿತ್ರದ ಹತ್ತಿರ ಹೋಗಿ ನೋಡಿದನೇ, ಕೂತಲ್ಲಿಂದಲೇ ಹೇಳಿದನೇ?

ಈ ತಿಂಗಳು ಕುಕ್ಕರಹಳ್ಳಿ ಕೆರೆಯ ಬೆಳ್ಳಕ್ಕಿಯೊಂದನ್ನು ಒಯ್ಯುತ್ತಿದ್ದೇನೆ. ಬೆನ್ನಿನ ಬಿಳುಪು ಒಂದು ಕಡೆ ಸುಟ್ಟಿದೆ, ಗರಿಯ ಎಳೆ ಕಾಣುವುದಿಲ್ಲ. ಬ್ಯಾಂಕಿನವರು ಅದನ್ನು ಮೊದಲೇ ಹಿಡಿಯುತ್ತಾರೆ, ಹಿಡಿಯಲಿ. ಹಕ್ಕಿ ಒಂದು ಕಾಲನ್ನು ಮುಂದೆ ಚಾಚಿ ಹಳದಿ ಪಾದದಿಂದ ಕೆಸರು ಕಲಕುತ್ತಿದೆ. ಅಡಗಿದ ಮೀನನ್ನು ಎಬ್ಬಿಸಲು ಅದು ಮಾಡುವ ಉಪಾಯ. ನೀರಿನ ಮೇಲೆ ಆ ಕಂಪನದ ಸಣ್ಣ ಅಲೆ ಬಂದಿದೆ ಎಂದು ನನ್ನ ನಂಬಿಕೆ. ಬಂದಿದ್ದರೆ ಮೇಷ್ಟ್ರು ಎದ್ದು ಗೋಡೆಯ ಹತ್ತಿರ ಹೋಗುತ್ತಾರೆ. ಬರದಿದ್ದರೆ ಕಾಲಿನ ಸುದ್ದಿಯೇ ಏಳುವುದಿಲ್ಲ, ನಾನಾಗಿ ಹೇಳುವ ಹಾಗೂ ಇಲ್ಲ.