ಆಗದ ಜಗಳದ ಲೆಕ್ಕ

ಹುನಗುಂದದ ಪ್ರೌಢಶಾಲೆಯಲ್ಲಿ ನನ್ನ ಕೈಯಲ್ಲಿ ಕಲಿತ ಹುಡುಗನೊಬ್ಬ ಈಗ ಯುರೋಪಿನ ಒಂದು ದತ್ತಿಸಂಸ್ಥೆಯಲ್ಲಿ ಪ್ರೋಗ್ರಾಂ ಆಫೀಸರ್ ಆಗಿದ್ದಾನೆ. ಕಲಹಪೀಡಿತ ದೇಶಗಳಲ್ಲಿ ಶಾಂತಿ ಕಟ್ಟುವ ಕೆಲಸಕ್ಕೆ ಹಣ ಒದಗಿಸುವ ವಿಭಾಗ ಅವನದು. ಅವನ ತಾಯಿ ಓಣಿಯವರಿಗೆ ಇದನ್ನು ಒಂದೇ ಮಾತಿನಲ್ಲಿ ತಿಳಿಸಿಬಿಟ್ಟಿದ್ದಾಳೆ: “ಪರದೇಶದಾಗ ಜಗಳಾ ಬಿಡಸೋ ನೌಕರಿ.” ನನ್ನೊಡನೆ ಸಂಜೆ ತಿರುಗಾಡಲು ಬರುವ ನಿವೃತ್ತ ಮಿತ್ರರೊಬ್ಬರ ಸಂಶಯವೇ ಬೇರೆ. “ಜಗಳಾ ಮಾಡಾಕ ರೊಕ್ಕ ಬೇಕು, ಖರೆ. ಸುಮ್ಮನ ಇರಾಕ ಯಾಕ ಬೇಕ್ರಿ ಸರ?”

ಹುಡುಗ ರಜೆಗೆ ಬಂದಾಗ ಈ ಪ್ರಶ್ನೆಯನ್ನೇ ಅವನ ಮುಂದಿಟ್ಟೆ. ಅವನು ನಕ್ಕು ಹೇಳಿದ್ದು ಇಷ್ಟು: ಜಗಳ ಬಿಡಿಸುವವರು ಆಯಾ ಊರಿನ ಹಿರಿಯರು, ಹೆಂಗಸರು, ಶಿಕ್ಷಕರು. ಅವರು ಕೂಡಿ ಕುಳಿತುಕೊಳ್ಳಲು ಬೇಕಾದ ಬಸ್ ಚಾರ್ಜು, ಊಟ, ದುಭಾಷಿಯ ಸಂಬಳ ಇಂಥವುಗಳಿಗೆ ಹಣ ಬೇಕು. ಅರ್ಜಿಗಳನ್ನು ಓದುವುದು, ಸ್ಥಳಕ್ಕೆ ಹೋಗಿ ನೋಡುವುದು, ಕಂತು ಬಿಡುಗಡೆ ಮಾಡುವುದು, ಕೊನೆಗೆ ಆಡಳಿತ ಮಂಡಳಿಯ ಮುಂದೆ ನಿಂತು ಈ ಹಣದಿಂದ ಏನಾಯಿತೆಂದು ಉತ್ತರ ಹೇಳುವುದು ಅವನ ಕೆಲಸ.

ಯುದ್ಧ ನಿಂತ ಮೇಲೂ ಇಂಥ ಕೆಲಸ ಉಳಿಯುತ್ತದೆಂಬುದಕ್ಕೆ ವಿಶ್ವಸಂಸ್ಥೆಯಲ್ಲಿಯೇ ಒಂದು ವ್ಯವಸ್ಥೆ ಆದದ್ದು ತೀರ ತಡವಾಗಿ. 2005ರಲ್ಲಿ ಶಾಂತಿ ನಿರ್ಮಾಣ ಆಯೋಗ, 2006ರಲ್ಲಿ ಅದಕ್ಕೊಂದು ನಿಧಿ ಏರ್ಪಟ್ಟವು. ಬುರುಂಡಿ, ಸಿಯೆರಾ ಲಿಯೋನ್ ದೇಶಗಳಿಗೆ ಮೊದಲು ನೆರವು ದೊರೆಯಿತು. ಬಹುಕಾಲ ಈ ನಿಧಿ ಸ್ವಇಚ್ಛೆಯ ದೇಣಿಗೆಯ ಮೇಲೆಯೇ ನಡೆಯಿತು. ಜಾತ್ರೆಗೆ ಮನೆಗಿಷ್ಟೆಂದು ಪಟ್ಟಿ ಹಾಕುವಂತೆ, ಸದಸ್ಯರಾಷ್ಟ್ರಗಳ ಕಡ್ಡಾಯ ವಂತಿಗೆಯಿಂದ ವರ್ಷಕ್ಕೆ 5 ಕೋಟಿ ಡಾಲರ್ ಒದಗಿಸಲು ಮಹಾಸಭೆ ಒಪ್ಪಿದ್ದು 2023ರ ಡಿಸೆಂಬರಿನಲ್ಲಿ. ಜಾರಿಗೆ ಬಂದದ್ದು 2025ರಿಂದ.

ಅವನು ತನ್ನ ಕಂಪ್ಯೂಟರಿನಲ್ಲಿ ಒಂದು ನಕ್ಷೆ ತೋರಿಸಿದ. ನಾಲ್ಕು ಅಂಕಣಗಳು: ಉದ್ದೇಶ, ಅದು ಈಡೇರಿತೆಂಬುದಕ್ಕೆ ಸೂಚಕ, ಪರಿಶೀಲಿಸುವ ಆಧಾರ, ಮತ್ತು ನಮ್ಮ ಕೈಮೀರಿದ ಊಹೆಗಳು. ನನಗೆ ನಗು ತಡೆಯಲಾಗಲಿಲ್ಲ. ಬಿ.ಎಡ್. ಓದುವಾಗ ನಾವು ರಾತ್ರಿ ಕಣ್ಣೆವೆ ಮುಚ್ಚದೆ ಬರೆದ ಪಾಠಯೋಜನೆಯ ಅಣ್ಣತಮ್ಮನೇ ಅದು! ಅಲ್ಲಿಯೂ ಉದ್ದೇಶ, ಪಾಠ್ಯಾಂಶ, ಕಲಿಕಾನುಭವ, ಮೌಲ್ಯಮಾಪನ ಎಂದು ಗೆರೆ ಎಳೆಯುತ್ತಿದ್ದೆವು. ಅಮೆರಿಕದ ವಿದೇಶೀ ನೆರವಿನ ಸಂಸ್ಥೆ ಯುಎಸ್‌ಎಯ್ಡ್‌ಗಾಗಿ ಈ ನಕ್ಷೆ 1969ರಲ್ಲಿ ರೂಪುಗೊಂಡಿತಂತೆ. 2025ರಲ್ಲಿ ಆ ಸಂಸ್ಥೆಯನ್ನೇ ಮುಚ್ಚಿದರು. ನಕ್ಷೆ ಮಾತ್ರ ಲೋಕದ ತುಂಬ ಉಳಿದುಕೊಂಡಿದೆ.

ನಮ್ಮ ಪಾಠಯೋಜನೆಯಲ್ಲಿ ‘ವಿದ್ಯಾರ್ಥಿಯು ಪ್ರಾಮಾಣಿಕತೆಯನ್ನು ಮೆಚ್ಚುವನು’ ಎಂದು ಬರೆದು, ಮುಂದಿನ ಅಂಕಣದಲ್ಲಿ ಅದಕ್ಕೊಂದು ಪ್ರಶ್ನೆ ಹುಡುಕಲು ಒದ್ದಾಡುತ್ತಿದ್ದೆವು. ಹುಡುಗನ ಸಂಕಟವೂ ಅದೇ ಜಾತಿಯದು. ಪಶ್ಚಿಮ ಆಫ್ರಿಕದ ಒಂದು ದೇಶದಲ್ಲಿ ದನಗಾಹಿಗಳಿಗೂ ಒಕ್ಕಲಿಗರಿಗೂ ಕಾದಾಟವಾಗುವ ಸೀಮೆಗೆ ಅವನ ಸಂಸ್ಥೆ ಹಣ ಕೊಟ್ಟಿತ್ತು. ಈ ಸಂಗತಿ ಅವನಿಗೆ ಹೊಸದೇನಲ್ಲ. ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಕುರಿಗಾರರು ಹಿಂಡು ಹೊಡೆದುಕೊಂಡು ಬರುತ್ತಾರೆ. ರೈತ ತನ್ನ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿಕೊಂಡು ಗೊಬ್ಬರ ಪಡೆಯುತ್ತಾನೆ, ಬದಲಿಗೆ ಕಾಳೋ ಹಣವೋ ಕೊಡುತ್ತಾನೆ. ಹಿಂಡು ನಿಂತ ಬೆಳೆಗೆ ನುಗ್ಗಿತೋ, ಬಡಿಗೆಗಳು ಮೇಲೇಳುತ್ತವೆ. ಅಲ್ಲಿ ಬಡಿಗೆಯ ಜಾಗದಲ್ಲಿ ಬಂದೂಕು.

ಮೊದಲೆರಡು ವರ್ಷ ಅಲ್ಲಿನ ಸಮಿತಿ ಹಲವು ವ್ಯಾಜ್ಯ ಬಗೆಹರಿಸಿತು. ಮೂರನೆಯ ವರ್ಷ ವ್ಯಾಜ್ಯಗಳೇ ಬರಲಿಲ್ಲ. ದನ ಬರುವ ಮೊದಲೇ ಹೇಳಿಕಳಿಸುವ ರೂಢಿ ಬಿದ್ದಿತ್ತು. ನಕ್ಷೆಯಲ್ಲಿದ್ದ ಸೂಚಕವೋ ‘ಬಗೆಹರಿಸಿದ ವ್ಯಾಜ್ಯಗಳ ಸಂಖ್ಯೆ’! ಮಂಡಳಿಯವರು ಕೇಳಿದರು: ಸಮಿತಿ ಕೆಲಸ ನಿಲ್ಲಿಸಿದೆಯೇ? ಜಗಳವೇ ಇಲ್ಲದ ಊರಿಗೆ ಹಣವೇಕೆ?

“ಆಗದ ಜಗಳಾ ಹೆಂಗ ಎಣಿಸಬೇಕ್ರಿ ಸರ?” ಎಂದ ಹುಡುಗ.

ನನಗೆ ನಮ್ಮ ಶಾಂತಿಸಭೆಗಳು ನೆನಪಾದವು. ಗಣೇಶೋತ್ಸವ, ಮೊಹರಮ್‌ಗಳ ಮುಂಚೆ ಪೊಲೀಸರು ಊರ ಹಿರಿಯರನ್ನು ಕರೆಯುತ್ತಾರೆ. ಮಾಸ್ತರನೆಂದು ನಾನೂ ಹಲವು ಸಲ ಹೋಗಿ ಕುಳಿತಿದ್ದೇನೆ. ಮೆರವಣಿಗೆಯ ದಾರಿ, ವಾದ್ಯದ ವೇಳೆ ಮಾತಾಡಿ, ಚಹಾ ಕುಡಿದು ಏಳುತ್ತೇವೆ. ಮರುದಿನದ ಪತ್ರಿಕೆಯಲ್ಲಿ ಎರಡು ಸಾಲು ಬಂದರೆ ಹೆಚ್ಚು. ಗಲಭೆಯಾದರೆ ಮಾತ್ರ ಮುಖಪುಟ. ಬಹಳ ವರ್ಷ ಈ ಸಭೆಗಳನ್ನು ನಾನು ಬರಿಯ ಶಾಸ್ತ್ರವೆಂದೇ ತಿಳಿದಿದ್ದೆ. ಹುಡುಗನ ಮಾತು ಕೇಳಿದ ಮೇಲೆ ಹಾಗೆನ್ನಲು ಮನಸ್ಸಾಗುತ್ತಿಲ್ಲ.

ಅವನ ಪ್ರಶ್ನೆಯನ್ನು ಅವನಿಗಿಂತ ಮೊದಲೇ ಎದುರಿಸಿದವರು ನಮ್ಮ ನಾಡಿನಲ್ಲಿಯೇ ಇದ್ದಾರೆ. ಡಚ್ ಸರಕಾರದ ನೆರವಿನ ಮಹಿಳಾ ಸಮಖ್ಯಾ ಕಾರ್ಯಕ್ರಮ 1989ರಲ್ಲಿ ಕರ್ನಾಟಕದಲ್ಲಿ ಆರಂಭವಾದಾಗ, ಮೊದಲ ಜಿಲ್ಲೆಗಳಲ್ಲಿ ನಮ್ಮ ಅವಿಭಜಿತ ವಿಜಾಪುರವೂ ಒಂದಾಗಿತ್ತು. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಬಡ ಹೆಂಗಸರು ಸಂಘ ಕಟ್ಟಿಕೊಂಡು ತಮ್ಮ ಸಮಸ್ಯೆ ಯಾವುದೆಂದು ತಾವೇ ನಿರ್ಧರಿಸಬೇಕು, ಗುರಿಸಂಖ್ಯೆ ಮೇಲಿನಿಂದ ಇಳಿಯಬಾರದು ಎಂಬುದು ಅದರ ವಿಶೇಷ. ಆರಂಭದ ವರ್ಷಗಳಲ್ಲಿ ಅದರ ರಾಜ್ಯ ನಿರ್ದೇಶಕಿಯಾಗಿದ್ದ ಶ್ರೀಲತಾ ಬಾಟ್ಲಿವಾಲಾ ಅವರು 1997ರಲ್ಲಿ ನ್ಯೂಯಾರ್ಕಿನ ಫೋರ್ಡ್ ಫೌಂಡೇಶನ್ ಸೇರಿ ಪ್ರೋಗ್ರಾಂ ಆಫೀಸರ್ ಆದರು. ಪಡೆಯುವ ಕೈ, ಕೊಡುವ ಕೈ ಎರಡರ ಅನುಭವವೂ ಅವರಿಗುಂಟು. 2010ರಲ್ಲಿ ಅವರು ಅಲೆಕ್ಸಾಂಡ್ರಾ ಪಿಟ್‌ಮನ್ ಅವರೊಡನೆ ಬರೆದ ಅಧ್ಯಯನವೊಂದು ಇಂಥ ಅಳತೆಗೋಲುಗಳನ್ನೇ ಪರೀಕ್ಷಿಸುತ್ತದೆ. ಎದುರಾಳಿಗಳು ಹಿಂದಕ್ಕೆ ತಳ್ಳುತ್ತಿರುವಾಗ ಇದ್ದ ನೆಲ ಬಿಡದೆ ನಿಂತರೆ ಅದನ್ನೂ ಫಲಿತಾಂಶವೆಂದು ಎಣಿಸಬೇಕು ಎಂಬುದು ಅವರ ವಾದಗಳಲ್ಲೊಂದು. ನಮ್ಮ ಜಿಲ್ಲೆಯ ಸಂಘಗಳನ್ನು ಕಂಡವರು ಹಾಗೆ ಬರೆದದ್ದು ನನಗೆ ಆಶ್ಚರ್ಯವೆನಿಸಲಿಲ್ಲ.

ಹುಡುಗ ಅದನ್ನು ಓದಿಕೊಂಡಿದ್ದ. ಮರಳಿ ಹೋದವನು ಆ ಸೀಮೆಯವರನ್ನೇ ಕೇಳಿದನಂತೆ: ಶಾಂತಿ ಇದೆಯೆಂದು ನಿಮಗೆ ಹೇಗೆ ಗೊತ್ತಾಗುತ್ತದೆ? ಹೊತ್ತು ಮುಳುಗಿದ ಮೇಲೂ ನೀರಿಗೆ ಹೋಗುತ್ತೇವೆ ಎಂದಳಂತೆ ಒಬ್ಬ ಮುದುಕಿ. ಒಕ್ಕಲಿಗನ ಮನೆಯಲ್ಲಿ ನನ್ನ ಮಗನಿಗೆ ಕೇಳದೆಯೇ ನೀರು ಕೊಟ್ಟರು ಎಂದನಂತೆ ಒಬ್ಬ ದನಗಾಹಿ. ಇವನ್ನೇ ಸೂಚಕಗಳೆಂದು ಬರೆದು, ಇನ್ನೂ ಮೂರು ವರ್ಷದ ನೆರವು ಕೇಳಿ ಮಂಡಳಿಯ ಮುಂದಿಟ್ಟ.

ಕಳೆದ ತಿಂಗಳು ಫೋನು ಮಾಡಿದ್ದ. ಒಂದು ವರ್ಷಕ್ಕೆ ಮಂಜೂರಾಗಿದೆ, ಅದೂ ಅರ್ಧ ಹಣ. ಎರಡು ಸಭೆಗಳಲ್ಲಿ ಒಂದನ್ನು ಬಿಡಬೇಕಾಗುತ್ತದೆ. ಯಾವುದನ್ನು ಬಿಡುವುದೆಂದು ಸಮಿತಿಯವರೇ ಹೇಳಲಿ ಎಂದು, ಮಳೆಗಾಲಕ್ಕೆ ಮುಂಚೆ ತಾನೇ ಅಲ್ಲಿಗೆ ಹೊರಟಿದ್ದಾನೆ.