ಟಿಕೆಟ್ಟಿಲ್ಲದ ಲಂಡನ್

ಊರಿನಿಂದ ಅಪ್ಪ-ಅಮ್ಮ, ಅತ್ತೆ-ಮಾವ ಬಂದರೆ ನಾವೆಲ್ಲರೂ ಮಾಡುವುದು ಒಂದೇ. ಬಿಗ್ ಬೆನ್ ಮುಂದೆ ನಿಲ್ಲಿಸಿ ಒಂದು ಫೋಟೋ, ಲಂಡನ್ ಐನಲ್ಲಿ ಒಂದು ಸುತ್ತು, ಮೇಡಂ ಟುಸ್ಸಾಡ್ಸ್‌ನಲ್ಲಿ ಯಾವುದಾದರೂ ಮೇಣದ ಬೊಂಬೆಯ ಪಕ್ಕ ಒಂದು ನಗು. ಅವರು ಟಿಕೆಟ್ಟಿನ ಬೆಲೆಯನ್ನು ಅಲ್ಲೇ ರೂಪಾಯಿಗೆ ಲೆಕ್ಕ ಹಾಕಿ ಎದೆ ಹಿಡಿದುಕೊಳ್ಳುವುದೂ ಉಂಟು. ಅದು ಹೃದಯಾಘಾತವಲ್ಲ ಎಂದು ವೈದ್ಯನಾಗಿ ನಾನು ಧೈರ್ಯದಿಂದ ಹೇಳಬಲ್ಲೆ!

2023ರ ಬೇಸಿಗೆಯಲ್ಲಿ ನಮ್ಮ ಅವ್ವ ಶ್ರೀರಂಗಪಟ್ಟಣದ ಹತ್ತಿರದ ಹಳ್ಳಿಯಿಂದ ಬಂದಾಗ, ದುಡ್ಡು ಕೊಟ್ಟು ನೋಡುವುದೆಲ್ಲ ಹಿಂದಿನ ಎರಡು ಸಲದಲ್ಲೇ ಮುಗಿದಿತ್ತು. "ಇನ್ನು ಕಾಸು ಕೊಡೋ ಕಡೆ ನಾ ಬರಾಕಿಲ್ಲ ಕಣ್ಲಾ" ಎಂದು ಮೊದಲೇ ಘೋಷಿಸಿದ್ದರು. ಸರಿ, ಬಿಟ್ಟಿ ನೋಡುವ ಲಂಡನ್ ಯಾವುದು ಎಂದು ಹುಡುಕಿದೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಈ ದೇಶದಲ್ಲಿದ್ದು, ಆಸ್ಪತ್ರೆಯ ಡ್ಯೂಟಿ ಬಿಟ್ಟರೆ ಮನೆ, ಮನೆ ಬಿಟ್ಟರೆ ಡ್ಯೂಟಿ ಎಂದು ಓಡಾಡಿದ ನನಗೆ ನಾಚಿಕೆಯಾಯಿತು. ಬ್ರಿಟಿಷ್ ಮ್ಯೂಸಿಯಂಗೆ 1759ರಲ್ಲಿ ಬಾಗಿಲು ತೆರೆದಾಗಿನಿಂದಲೇ ಪ್ರವೇಶಧನ ಇರಲಿಲ್ಲವಂತೆ. 1974ರಲ್ಲಿ ಕೆಲವು ತಿಂಗಳು ಮಾತ್ರ ವಸೂಲಿ ಮಾಡಿ ಕೈಬಿಟ್ಟರು. ಶುಲ್ಕ ಹಾಕುತ್ತಿದ್ದ ಉಳಿದ ರಾಷ್ಟ್ರೀಯ ಮ್ಯೂಸಿಯಂಗಳೂ 2001ರ ಡಿಸೆಂಬರ್‌ನಿಂದ ಉಚಿತವಾದವು. ವಿಶೇಷ ಪ್ರದರ್ಶನಗಳಿಗೆ ಮಾತ್ರ ಟಿಕೆಟ್.

ಹದಿನೇಳು ವರ್ಷದ ಮಗಳೂ ಜೊತೆಗೆ ಹೊರಟಳು. ಅವಳಿಗೆ ಮೆಡಿಕಲ್ ಓದುವ ಆಸೆ. ಎರಡು ದಿನ, ಮೂರು ತಲೆಮಾರು, ಒಂದು ಬುತ್ತಿ ಚೀಲ.

ಮೊದಲ ದಿನ ಸೌತ್ ಕೆನ್ಸಿಂಗ್ಟನ್. ಸ್ಟೇಷನ್ನಿನಿಂದ ನೆಲದಡಿಯ ದಾರಿಯಲ್ಲೇ ನಡೆದರೆ ನ್ಯಾಚುರಲ್ ಹಿಸ್ಟರಿ, ಸೈನ್ಸ್, ವಿಕ್ಟೋರಿಯಾ ಅಂಡ್ ಆಲ್ಬರ್ಟ್, ಮೂರೂ ಮ್ಯೂಸಿಯಂ ಸಿಗುತ್ತವೆ. ಅವ್ವನ ಮಂಡಿನೋವಿನಿಂದಾಗಿ ಒಂದನ್ನೇ ಆರಿಸಿಕೊಂಡೆವು: ಟಿಪ್ಪುವಿನ ಹುಲಿ ಇರುವ ವಿಕ್ಟೋರಿಯಾ ಅಂಡ್ ಆಲ್ಬರ್ಟ್.

ಚಿತ್ರದಲ್ಲಿ ನೋಡಿದ್ದರೂ ಎದುರಿಗೆ ನಿಂತಾಗ ಮೈ ಜುಮ್ಮೆನ್ನುತ್ತದೆ. ಸುಮಾರು 178 ಸೆಂಟಿಮೀಟರ್ ಉದ್ದದ ಮರದ ಹುಲಿ, ಅಂಗಾತ ಬಿದ್ದ ಯುರೋಪಿನವನೊಬ್ಬನ ಕೊರಳಿಗೆ ಬಾಯಿ ಹಾಕಿದೆ. ಹುಲಿಯ ಹೊಟ್ಟೆಯೊಳಗೆ ತಿದಿ, ಕೊಳವೆಗಳಿರುವ ವಾದ್ಯವಿದೆ. ಪಕ್ಕದ ಹಿಡಿಯನ್ನು ತಿರುಗಿಸಿದರೆ ಬಿದ್ದವನ ಕೈ ಮೇಲೇಳುತ್ತದೆ, ಅವನು ನರಳುತ್ತಾನೆ, ಹುಲಿ ಗುರುಗುಟ್ಟುತ್ತದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸತ್ತ ಮೇಲೆ ಇದು ಕಂಪನಿಯವರ ಕೈ ಸೇರಿತು. 1808ರಿಂದ ಲಂಡನ್ನಿನಲ್ಲಿ ಕಂಪನಿಯ ಕಚೇರಿಯಲ್ಲೇ ಜನರಿಗೆ ತೋರಿಸುತ್ತಿದ್ದರು. ಬಂದವರೆಲ್ಲ ಹಿಡಿ ತಿರುಗಿಸಿ ಗದ್ದಲ ಮಾಡುತ್ತಿದ್ದರಂತೆ. 1880ರಲ್ಲಿ ಈ ಮ್ಯೂಸಿಯಂಗೆ ಬಂತು.

ಅವ್ವ ಗಾಜಿನ ಪೆಟ್ಟಿಗೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. "ಅಲ್ಲ ಕಣ್ಲಾ ಮಗ, ನಮ್ಮ ದರಿಯಾ ದೌಲತ್ತಿಗೆ ಟಿಕೆಟ್ ತಕಬೇಕು. ನಮ್ಮೂರ ಹುಲಿ ನೋಡಕ್ಕೆ ಇಲ್ಲಿ ಬಿಟ್ಟಿ!"

ಮಗಳು ಜೋರಾಗಿ ನಕ್ಕಳು. ನನಗೆ ಪೂರ್ತಿ ನಗು ಬರಲಿಲ್ಲ. ಬಿಟ್ಟಿ ಎಂದರೆ ಯಾರೂ ಬೆಲೆ ಕೊಟ್ಟಿಲ್ಲ ಎಂದಲ್ಲವಲ್ಲ. ಎನ್.ಎಚ್.ಎಸ್. ಕೂಡ ರೋಗಿಗೆ ಬಿಟ್ಟಿಯೇ. ಅದಕ್ಕೆ ಹೋಗುವ ಹಣ ನಮ್ಮೆಲ್ಲರ ಸಂಬಳದ ಚೀಟಿಯಲ್ಲಿ ಪ್ರತಿ ತಿಂಗಳೂ ಕಾಣುತ್ತದೆ. ಹುಲಿಯ ಟಿಕೆಟ್ಟಿನ ದುಡ್ಡನ್ನು ಕೊಟ್ಟವರು ಯಾರು?

ಮರುದಿನ ಬ್ರಿಟಿಷ್ ಮ್ಯೂಸಿಯಂ. ಮುಂಗಡವಾಗಿ ಸಮಯ ಕಾದಿರಿಸಿದ್ದರಿಂದ ಸರದಿ ಬೇಗ ಸಾಗಿತು. ಇದರ ಮೂಲಪುರುಷ ನಮ್ಮ ವೃತ್ತಿಯವನೇ! ಸರ್ ಹ್ಯಾನ್ಸ್ ಸ್ಲೋನ್ ಎಂಬ ವೈದ್ಯ, ನ್ಯೂಟನ್ ತೀರಿಕೊಂಡ ಮೇಲೆ ರಾಯಲ್ ಸೊಸೈಟಿಯ ಅಧ್ಯಕ್ಷನಾದವನು. 1753ರಲ್ಲಿ ಸಾಯುವ ಹೊತ್ತಿಗೆ ಸುಮಾರು 71,000 ವಸ್ತುಗಳನ್ನು ಕೂಡಿಹಾಕಿದ್ದ. ತನ್ನ ವಾರಸುದಾರರಿಗೆ 20,000 ಪೌಂಡ್ ಕೊಟ್ಟು ಎಲ್ಲವನ್ನೂ ದೇಶವೇ ಇಟ್ಟುಕೊಳ್ಳಲಿ ಎಂದು ಉಯಿಲು ಬರೆದಿದ್ದ. ಅವನ ಸಂಪತ್ತಿನ ಒಂದು ಭಾಗ ಹೆಂಡತಿಯ ಕಡೆಯಿಂದ ಬಂದ ಜಮೈಕಾದ ಕಬ್ಬಿನ ತೋಟಗಳದ್ದು. ಅಲ್ಲಿ ದುಡಿದವರು ಗುಲಾಮರು. 2020ರಲ್ಲಿ ಅವನ ಪ್ರತಿಮೆಯನ್ನು ಪೀಠದಿಂದ ಇಳಿಸಿ, ಈ ಕಥೆಯನ್ನೂ ಬರೆದು, ಗಾಜಿನ ಕಪಾಟಿನಲ್ಲಿಟ್ಟರು. ಮಂಡ್ಯ ಸೀಮೆಯವರಾದ ನಮಗೆ ಕಬ್ಬಿನ ಗದ್ದೆಯ ಬೆವರು ಏನೆಂದು ಗೊತ್ತು. ಅವ್ವನಿಗೆ ವಿವರಿಸಿದಾಗ, "ಸಕ್ಕರೆ ದುಡ್ಡಾ?" ಎಂದಷ್ಟೇ ಕೇಳಿದರು.

ರೊಸೆಟ್ಟಾ ಕಲ್ಲಿನ ಮುಂದೆ ನಮ್ಮ ತೇರಿನ ದಿನದಂಥ ಜನ. ಒಂದೇ ರಾಜಾಜ್ಞೆ ಮೂರು ಲಿಪಿಗಳಲ್ಲಿದೆ. ಅದರಿಂದಲೇ ಈಜಿಪ್ಟಿನ ಚಿತ್ರಲಿಪಿಯನ್ನು ಓದಲು ಸಾಧ್ಯವಾದದ್ದು. ಫ್ರೆಂಚ್ ಸೈನಿಕರಿಗೆ ಇದು ಸಿಕ್ಕಿದ್ದು 1799ರಲ್ಲಿ. ಅವರು ಸೋತ ಮೇಲೆ ಇಂಗ್ಲಿಷರ ಪಾಲಾಗಿ, 1802ರಲ್ಲಿ ಇಲ್ಲಿಗೆ ಬಂತು. "ಅಪ್ಪಾ, ಮತ್ತೆ 1799!" ಎಂದಳು ಮಗಳು.

ಮೂರನೆಯ 1799 ನಮಗಾಗಿ ಕಾಯುತ್ತಿತ್ತು. ಅಲ್ಲಿಂದ ಸ್ವಲ್ಪ ದೂರದಲ್ಲಿ, ಲಿಂಕನ್ಸ್ ಇನ್ ಫೀಲ್ಡ್ಸ್ ಎಂಬ ಉದ್ಯಾನದ ಪಕ್ಕ, ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಇದೆ. ಅದರೊಳಗಿನ ಹಂಟೇರಿಯನ್ ಮ್ಯೂಸಿಯಂ ಕೂಡ ಉಚಿತ. ಹಲವು ವರ್ಷ ಮುಚ್ಚಿದ್ದು 2023ರ ಮೇ ತಿಂಗಳಲ್ಲಷ್ಟೇ ಮತ್ತೆ ತೆರೆದಿತ್ತು. ಶಸ್ತ್ರವೈದ್ಯ ಜಾನ್ ಹಂಟರ್ ಕೂಡಿಸಿದ ದೇಹಭಾಗಗಳು, ಪ್ರಾಣಿಗಳ ಮೂಳೆಗಳು ಸಾಲುಸಾಲು ಗಾಜಿನ ಜಾಡಿಗಳಲ್ಲಿವೆ. ಅವನ ಸಂಗ್ರಹವನ್ನು ಸರ್ಕಾರ ಕೊಂಡುಕೊಂಡದ್ದು ಅದೇ 1799ರಲ್ಲಿ! ಎಳೆಯ ಮಕ್ಕಳನ್ನು ಕರೆದೊಯ್ಯುವವರು ಮೊದಲೇ ಯೋಚಿಸಿ. ನನ್ನ ಮಗಳ ಕಣ್ಣು ಮಾತ್ರ ಅರಳಿತ್ತು.

ಚಾರ್ಲ್ಸ್ ಬರ್ನ್ ಎಂಬ ಐರಿಷ್ ಯುವಕನ ಅಸ್ಥಿಪಂಜರ ಇಲ್ಲಿ ಬಹುಕಾಲ ಪ್ರದರ್ಶನದಲ್ಲಿತ್ತು. ಏಳೂವರೆ ಅಡಿಗೂ ಮೀರಿದ ಎತ್ತರದ ಅವನು, ದುಡ್ಡು ಪಡೆದು ತನ್ನನ್ನೇ ಜನರಿಗೆ ತೋರಿಸಿಕೊಂಡು ಬದುಕುತ್ತಿದ್ದ. 1783ರಲ್ಲಿ ಇಪ್ಪತ್ತೆರಡನೆಯ ವಯಸ್ಸಿಗೇ ಸತ್ತ. ವೈದ್ಯರು ತನ್ನ ದೇಹಕ್ಕಾಗಿ ಹೊಂಚುತ್ತಿದ್ದಾರೆಂದು ಗೊತ್ತಿದ್ದುದರಿಂದ, ತನ್ನನ್ನು ಸಮುದ್ರದಲ್ಲಿ ಮುಳುಗಿಸಬೇಕೆಂದು ಗೆಳೆಯರಿಗೆ ಹೇಳಿದ್ದ. ಹಂಟರ್ ದುಡ್ಡು ಕೊಟ್ಟು ದೇಹವನ್ನು ಪಡೆದುಕೊಂಡ. ವೈದ್ಯಶಾಸ್ತ್ರಕ್ಕೆ ಲಾಭವಾಗಲಿಲ್ಲವೆನ್ನುವಂತಿಲ್ಲ. 1909ರಲ್ಲಿ ಹಾರ್ವೆ ಕುಶಿಂಗ್ ತಲೆಬುರುಡೆ ಪರೀಕ್ಷಿಸಿ, ಪಿಟ್ಯುಟರಿ ಗ್ರಂಥಿ ಇರುವ ಗುಳಿ ದೊಡ್ಡದಾಗಿದೆಯೆಂದು ಕಂಡ. 2011ರಲ್ಲಿ ಅವನ ಹಲ್ಲಿನ ಡಿ.ಎನ್.ಎ.ಯಿಂದ ಈ ಕಾಯಿಲೆಯ ಜೀನ್ ದೋಷವೂ ತಿಳಿಯಿತು. ಆದರೆ ಅವನು ಒಪ್ಪಿರಲಿಲ್ಲ. ಮ್ಯೂಸಿಯಂ ಮತ್ತೆ ತೆರೆದಾಗ ಅಸ್ಥಿಪಂಜರವನ್ನು ಪ್ರದರ್ಶನಕ್ಕಿಡಲಿಲ್ಲ. ಸಂಶೋಧನೆಗೆಂದು ಒಳಗೇ ಉಳಿಸಿಕೊಂಡಿದ್ದಾರೆ. ರೆನಾಲ್ಡ್ಸ್ ಬರೆದ ಹಂಟರನ ಭಾವಚಿತ್ರದ ಮೂಲೆಯಲ್ಲಿ ಬರ್ನ್‌ನ ಕಾಲಿನ ಮೂಳೆಗಳಷ್ಟೇ ಕಾಣುತ್ತವೆ.

ಹೊರಗೆ ಬಂದು ಉದ್ಯಾನದ ಬೆಂಚಿನ ಮೇಲೆ ಬುತ್ತಿ ಬಿಚ್ಚಿದೆವು. ಚಿತ್ರಾನ್ನ, ಮೊಸರನ್ನ, ಮಾವಿನಕಾಯಿ ಉಪ್ಪಿನಕಾಯಿ. ಅವ್ವ ಡಬ್ಬಿ ಹಿಡಿದು ಸುಮ್ಮನೆ ಕುಳಿತಿದ್ದರು.

"ಸತ್ತವನ ಕೊನೇ ಮಾತು ನಡೆಸ್ಬೇಕಿತ್ತು" ಎಂದರು. ಆಮೇಲೆ, "ನಿನ್ನ ಮೂಳೆ ಚೀಲ ನೆಪ್ಪೈತಾ?" ಎಂದು ಕೇಳಿದರು.

ನೆನಪಿಲ್ಲದೆ ಏನು? 1988ರಲ್ಲಿ ಎಂ.ಬಿ.ಬಿ.ಎಸ್. ಮೊದಲ ವರ್ಷ, ಸೀನಿಯರ್ ಒಬ್ಬರಿಂದ ಬೋನ್ ಸೆಟ್ ಕೊಂಡಿದ್ದೆ. ಆಗ ಎಲ್ಲರೂ ಹಾಗೇ ಮಾಡುತ್ತಿದ್ದುದು. ದಸರಾ ರಜೆಗೆ ಓದಲೆಂದು ಊರಿಗೆ ತಂದರೆ, ಮನೆಯೊಳಗೆ ಬೇಡವೆಂದು ಅವ್ವ ಕೊಟ್ಟಿಗೆಯ ಅಟ್ಟಕ್ಕೆ ಹಾಕಿಸಿದ್ದರು. ಪರೀಕ್ಷೆ ಮುಗಿದ ಮೇಲೆ ಅದನ್ನು ಜೂನಿಯರ್ ಒಬ್ಬನಿಗೆ ಮಾರಿದೆ, ಕೊಂಡ ಬೆಲೆಗೇ. ಹಳೇ ಪುಸ್ತಕ ಮಾರಿದ ಹಾಗೆ.

"ಆ ವರ್ಸ ಮಾರ್ಲಮಿಗೆ ನಾನು ಕೊಟ್ಟಿಗೇಲಿ ಒಂದು ಎಡೆ ಇಟ್ಟಿದ್ದೆ. ಯಾರ ಮನೆ ಮಗನೋ, ಮಗಳೋ. ಅವರ ಕಡೆಯೋರು ಇಟ್ಟವ್ರೋ ಇಲ್ವೋ ಅಂತ. ನಿಮ್ಮಪ್ಪಂಗೂ ಹೇಳಿರ್ಲಿಲ್ಲ."

ಮೂವತ್ತೈದು ವರ್ಷ ಈ ಮಾತು ನನಗೆ ತಿಳಿದಿರಲಿಲ್ಲ. ಆ ತೊಡೆಮೂಳೆಯ ಮೇಲೆ ನಾನು ಪೆನ್ಸಿಲ್ಲಿನಲ್ಲಿ ಸ್ನಾಯುಗಳ ಗುರುತು ಹಾಕಿದ್ದೆ. ಅದು ಒಬ್ಬರ ಕಾಲು ಎಂದು ಒಂದು ದಿನವೂ ಯೋಚಿಸಿರಲಿಲ್ಲ. ನನ್ನ ಡಾಕ್ಟರಿಕೆಯ ಮೊದಲ ಪಾಠವನ್ನು ಬಿಟ್ಟಿಯಾಗಿ ಕೊಟ್ಟವರು ಯಾರೋ! ಅಸ್ಥಿ ವ್ಯಾಪಾರ ಹೇಗೆ ನಡೆಯುತ್ತಿತ್ತೆಂದು ಆಮೇಲೆ ಓದಿ ತಿಳಿದೆ. ಭಾರತ ಮನುಷ್ಯರ ಮೂಳೆಗಳ ರಫ್ತನ್ನು ನಿಷೇಧಿಸಿದ್ದೇ 1985ರಲ್ಲಿ. ಒಪ್ಪಿಗೆ ಕೇಳಿರದ ದೈತ್ಯನೊಬ್ಬ ಲಂಡನ್ನಿನಲ್ಲಿದ್ದರೆ, ಇನ್ನೊಬ್ಬರು ನಮ್ಮ ಕೊಟ್ಟಿಗೆಯ ಅಟ್ಟದಲ್ಲಿದ್ದರು.

ಓದುಗ ಮಿತ್ರರೇ, ಇದನ್ನೆಲ್ಲ ಹೇಳಿ ನಿಮ್ಮನ್ನು ಮ್ಯೂಸಿಯಂಗಳಿಂದ ದೂರವಿಡುವುದು ನನ್ನ ಉದ್ದೇಶವಲ್ಲ. ಖಂಡಿತ ಹೋಗಿ, ಮಕ್ಕಳನ್ನೂ ಹಿರಿಯರನ್ನೂ ಒಟ್ಟಿಗೇ ಕರೆದುಕೊಂಡು ಹೋಗಿ. ಒಂದು ದಿನಕ್ಕೆ ಎರಡಕ್ಕಿಂತ ಹೆಚ್ಚು ಬೇಡ. ಕಾಲು ನೋಯುತ್ತದೆ, ತಲೆ ತುಂಬುತ್ತದೆ. ನವೀಕರಣಕ್ಕೆಂದು ಕೊಠಡಿಗಳನ್ನು ವರ್ಷಗಟ್ಟಲೆ ಮುಚ್ಚುವುದುಂಟು, ಆದ್ದರಿಂದ ಹುಲಿ ಈಗ ಎಲ್ಲಿದೆ ಎಂದು ಜಾಲತಾಣದಲ್ಲಿ ನೋಡಿಕೊಂಡೇ ಹೊರಡಿ. ಮಂಡಿನೋವಿದ್ದವರಿಗೆ ಗಾಲಿಕುರ್ಚಿ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿ. ಬುತ್ತಿ ಮರೆಯಬೇಡಿ. ಪ್ರತಿ ವಸ್ತುವಿನ ಮುಂದೆ ಅದು ಇಲ್ಲಿಗೆ ಹೇಗೆ ಬಂತು ಎಂಬ ಎರಡು ಸಾಲನ್ನೂ ಓದಿ. ಬಾಗಿಲಲ್ಲಿ ಕೊಡದ ಟಿಕೆಟ್ಟಿಗೆ ಅಷ್ಟಾದರೂ ನಾವು ಕೊಡಬೇಕು.

ಮಗಳು ಈಗ ಎರಡನೇ ವರ್ಷದ ಮೆಡಿಕಲ್ ವಿದ್ಯಾರ್ಥಿನಿ. ಇಲ್ಲಿಯ 2004ರ ಕಾಯಿದೆಯ ಪ್ರಕಾರ, ಬದುಕಿರುವಾಗಲೇ ಸಾಕ್ಷಿಯ ಎದುರು ಲಿಖಿತವಾಗಿ ಒಪ್ಪಿದವರ ದೇಹವನ್ನು ಮಾತ್ರ ಅಂಗರಚನೆಯ ಪಾಠಕ್ಕೆ ಬಳಸಬಹುದು; ಸತ್ತ ಮೇಲೆ ಮನೆಯವರು ಒಪ್ಪಿದರೂ ಆಗುವುದಿಲ್ಲ. ಹೋದ ವರ್ಷ ನಾನೂ ಆ ಫಾರಂ ತರಿಸಿ ತುಂಬಿದೆ. ಸಾಕ್ಷಿ ಹಾಕುವಾಗ ನನ್ನ ಹೆಂಡತಿಯ ಮುಖ ಗಂಟಿಕ್ಕಿತ್ತು.

ಅವ್ವನಿಗೆ ಫೋನಿನಲ್ಲಿ ಹೇಳಿದೆ. ಬಯ್ಯುತ್ತಾರೆಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಳ್ಳೇದು. ನಿನ್ನ ಮಗಳಿಗೆ ಎಡೆ ಇಕ್ಕೋದು ಕಲಿಸಿದ್ದೀಯಾ?" ಎಂದರು.

ಕಲಿಸಿರಲಿಲ್ಲ. ಮುಂದಿನ ಮಹಾಲಯ ಅಮಾವಾಸ್ಯೆಗೆ ಅವಳು ಹಾಸ್ಟೆಲಿನಿಂದ ಬರುತ್ತೇನೆಂದಿದ್ದಾಳೆ. ಅಪ್ಪನಿಗೊಂದು, ಹೆಸರು ಗೊತ್ತಿಲ್ಲದ ಆ ಒಬ್ಬರಿಗೊಂದು, ಎರಡು ಎಲೆ ಹಾಕಬೇಕು.